ಸವೆದದ್ದು ನೋಯುವುದಿಲ್ಲ

1998ರಲ್ಲಿ ಅಮೆರಿಕದ ಮೂಳೆ ಶಸ್ತ್ರವೈದ್ಯ ಸ್ಕಾಟ್ ಡೈ ಒಂದು ವರದಿ ಪ್ರಕಟಿಸಿದರು. ಪ್ರಯೋಗಕ್ಕೆ ಒಳಗಾದ ವ್ಯಕ್ತಿ ಅವರೇ. ದುರ್ಬೀನು ತೂರಿಸುವ ಜಾಗದಲ್ಲಿ ಚರ್ಮವನ್ನಷ್ಟೇ ಮರಗಟ್ಟಿಸಿಕೊಂಡು, ಕೀಲಿನ ಒಳಕ್ಕೆ ಯಾವ ಅರಿವಳಿಕೆಯೂ ಇಲ್ಲದೆ, ಎಚ್ಚರವಾಗಿ ಮಲಗಿ, ತಮ್ಮ ಎರಡೂ ಮಂಡಿಗಳನ್ನು ಸಹೋದ್ಯೋಗಿಯ ಕೈಗೆ ಒಪ್ಪಿಸಿದ್ದರು. ಆ ಸಹೋದ್ಯೋಗಿ ಸಲಾಕೆಯಿಂದ ಒಂದೊಂದೇ ಭಾಗವನ್ನು ಒತ್ತುತ್ತ ಹೋದರು. ಎಲ್ಲಿ ಎಷ್ಟು ನೋವು ಎಂದು ಡೈ ಹೇಳುತ್ತ ಹೋದರು. ಕೀಲಿನ ಒಳಗೋಡೆಯ ತೆಳು ಪೊರೆಯನ್ನು ಮುಟ್ಟಿದಾಗ, ಮಂಡಿಚಿಪ್ಪಿನ ಕೆಳಗಿರುವ ಕೊಬ್ಬಿನ ಮೆತ್ತೆಯನ್ನು ಒತ್ತಿದಾಗ ಜೀವ ಹೋಗುವಂಥ ನೋವು. ಚಿಪ್ಪಿನ ಹಿಂಬದಿಯ ಮೃದ್ವಸ್ಥಿಯನ್ನು ಒತ್ತಿದಾಗ ಏನೂ ಇಲ್ಲ. ಆ ಮೃದ್ವಸ್ಥಿ ಆಗಲೇ ಅಷ್ಟಿಷ್ಟು ಹಾಳಾಗಿತ್ತು. ಆದರೂ ಮುಟ್ಟಿದ್ದು ಕೂಡ ಅವರಿಗೆ ಗೊತ್ತಾಗಲಿಲ್ಲ.

ಮೃದ್ವಸ್ಥಿಯಲ್ಲಿ ನರಗಳಿಲ್ಲ, ರಕ್ತನಾಳಗಳೂ ಇಲ್ಲ ಎನ್ನುವುದು ವೈದ್ಯಕೀಯ ಪಠ್ಯಗಳಲ್ಲಿ ಮೊದಲಿನಿಂದಲೂ ಇರುವ ಮಾತು. ಆದರೆ ಮಂಡಿನೋವಿರುವ ಮನೆಗಳಿಗೆ ಅದು ಇನ್ನೂ ತಲುಪಿಲ್ಲ. ಅಲ್ಲಿಗೆ ತಲುಪಿರುವುದು ಇದರ ಉಲ್ಟಾ ಮಾತು: "ಮಂಡಿ ಸವೆದುಹೋಗಿದೆ, ಅದಕ್ಕೇ ನೋವು."

ತಮಿಳುನಾಡಿನ ತೇನಿ ಜಿಲ್ಲೆಯ ಓಡೈಪಟ್ಟಿಯಲ್ಲಿ ಈ ಸವೆತಕ್ಕೆ 'ತೇಮಾನ' ಅನ್ನುತ್ತಾರೆ. ಮೇಘಮಲೆಯ ತಪ್ಪಲಿನ ಊರು, ಬೀಜವಿಲ್ಲದ ದ್ರಾಕ್ಷಿಗೆ ಹೆಸರುವಾಸಿ. ಕಂಬಂ ಕಣಿವೆಯ ಇಂಥ ಊರುಗಳಲ್ಲಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಎಂದು ಬದುಕುವ ಕಪ್ಪಿಲಿಯ ಕುಟುಂಬಗಳಿವೆ. ಕಂಬಂನಲ್ಲಿ 'ತಂಬಿರಾನ್ ಮಾಡು' ಎಂಬ ದೇವರ ದನಗಳ ಹಿಂಡನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದವರು ಇವರೇ. ನಮ್ಮ ದೊಡ್ಡಮ್ಮನ ಮನೆ ಓಡೈಪಟ್ಟಿಯಲ್ಲಿ. ಅವರ ಕನ್ನಡಕ್ಕೂ ನನ್ನ ಬೆಂಗಳೂರಿನ ಕನ್ನಡಕ್ಕೂ ಬಹಳ ದೂರ. ಇಲ್ಲಿ ಅವರ ಮಾತನ್ನು ನನ್ನ ಕನ್ನಡಕ್ಕೆ ತಂದುಕೊಂಡಿದ್ದೇನೆ. ದ್ರಾಕ್ಷಿ ಚಪ್ಪರದ ಕೆಳಗೆ ಕೈ ಮೇಲೆತ್ತಿ ಗೊಂಚಲು ಕತ್ತರಿಸುವುದು, ಆಮೇಲೆ ಕುಕ್ಕರುಗಾಲಲ್ಲಿ ಕೂತು ಉದುರು ಹಣ್ಣು ಆರಿಸಿ ಪೆಟ್ಟಿಗೆ ತುಂಬುವುದು, ಇದರಲ್ಲೇ ಆಯುಷ್ಯ ಕಳೆದವರು. ಈಗ ಎರಡೂ ಮಂಡಿ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿವೆ. ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ತೊಡೆಮೂಳೆಗೂ ಕಾಲಮೂಳೆಗೂ ನಡುವೆ ಒಳಬದಿಯಲ್ಲಿ ಗೆರೆಯಷ್ಟೂ ಸಂದಿಲ್ಲ. ಅದನ್ನು ನೋಡಿದ ಮನೆಯವರೆಲ್ಲ ಒಂದೇ ತೀರ್ಮಾನಕ್ಕೆ ಬಂದರು: ಮೂಳೆಗೆ ಮೂಳೆ ಉಜ್ಜುತ್ತಿದೆ, ನಡೆದಷ್ಟೂ ಸವೆಯುತ್ತದೆ, ಕೂತಿರಲಿ. ದೊಡ್ಡಮ್ಮ ಕೂತರು. ಆರು ತಿಂಗಳಲ್ಲಿ ತೊಡೆ ಸಣ್ಣಗಾಯಿತು, ನೋವು ಹೆಚ್ಚಾಯಿತು.

ಎಕ್ಸ್‌ರೇಯಲ್ಲಿ ಕಾಣುವ ಸವೆತವನ್ನು 0ಯಿಂದ 4ರವರೆಗೆ ಅಳೆಯುವ ಕ್ರಮವನ್ನು ಕೆಲ್‌ಗ್ರೆನ್ ಮತ್ತು ಲಾರೆನ್ಸ್ 1957ರಲ್ಲಿ ರೂಪಿಸಿದರು. ಇವತ್ತಿಗೂ ವೈದ್ಯರು ಬರೆಯುವ 'ಗ್ರೇಡ್ 3', 'ಗ್ರೇಡ್ 4' ಅವರದೇ. ಆದರೆ ಈ ಅಂಕಿಗೂ ನೋವಿಗೂ ನಂಟು ಸಡಿಲ. ಗ್ರೇಡ್ 3 ಇದ್ದೂ ದೇವಸ್ಥಾನದ ಮೆಟ್ಟಿಲು ಹತ್ತುವವರಿದ್ದಾರೆ. ಗ್ರೇಡ್ 1 ಇದ್ದು ರಾತ್ರಿಯೆಲ್ಲ ನರಳುವವರಿದ್ದಾರೆ. ಸವೆಯುವುದು ಒಂದು ಕಡೆ, ನೋಯುವುದು ಇನ್ನೊಂದು ಕಡೆ ಆಗಿರುವುದರಿಂದಲೇ ಹೀಗೆ.

ಹಾಗಾದರೆ ನೋವು ಎಲ್ಲಿಂದ? ಒಂದು, ಡೈ ಅವರನ್ನು ಬೆಚ್ಚಿಸಿದ ಆ ಪೊರೆ, ಸೈನೋವಿಯಂ. ಮೃದ್ವಸ್ಥಿಯಿಂದ ಉದುರಿದ ಚೂರುಗಳು ಅದನ್ನು ಕೆರಳಿಸುತ್ತವೆ. ಅದು ಊದುತ್ತದೆ, ನೀರು ಸುರಿಸುತ್ತದೆ. ಎರಡು, ಮೃದ್ವಸ್ಥಿಯ ತಳದ ಮೂಳೆ. ಅದರಲ್ಲಿ ನರಗಳು ತುಂಬಿವೆ, ಭಾರ ಬಿದ್ದಾಗ ಅದು ಒಳಗೇ ಬಾತುಕೊಳ್ಳುತ್ತದೆ. ರೋಗ ಬಲಿತಾಗ ಈ ಮೂಳೆಯಿಂದ ಹೊಸ ನರತಂತುಗಳು ಹುಟ್ಟಿ ಬಿರುಕುಗಳ ಮೂಲಕ ಮೃದ್ವಸ್ಥಿಯ ಬುಡಕ್ಕೂ ನುಗ್ಗುವುದುಂಟು. ಮೂರು, ಕೀಲಿನ ಸುತ್ತಲ ಕಟ್ಟುಗಳು, ಸೋತ ಸ್ನಾಯುಗಳು. ನಾಲ್ಕನೆಯದು ಮಂಡಿಯಲ್ಲೇ ಇಲ್ಲ. ವರ್ಷಗಟ್ಟಲೆ ನೋವಿನ ಸುದ್ದಿ ಹೊತ್ತು ಹೊತ್ತು ಬೆನ್ನುಹುರಿಯ ನರಕೋಶಗಳೇ ಸೂಕ್ಷ್ಮವಾಗಿಬಿಡುತ್ತವೆ. ಆಮೇಲೆ ಸೀರೆಯ ನೆರಿಗೆ ತಾಗಿದರೂ ನೋವು, ನಿದ್ದೆಗೆಟ್ಟ ಮಾರನೆಯ ದಿನ ಎರಡರಷ್ಟು ನೋವು. ಇದು ಮುದುಕರ ನಾಟಕವಲ್ಲ. ಹಾಗೆಂದುಕೊಳ್ಳುವ ಸೊಸೆಯಂದಿರೂ ಮಕ್ಕಳೂ ಎಲ್ಲ ಊರಲ್ಲೂ ಇದ್ದಾರೆ.

ಎಲ್ಲ ಕೀಲುನೋವೂ ಸವೆತವಲ್ಲ. ಬೆಳಿಗ್ಗೆ ಎದ್ದಾಗ ಬಿಗಿತ ಒಂದು ಗಂಟೆಗೂ ಮೀರಿ ಇದ್ದರೆ, ಎರಡೂ ಕೈಗಳ ಬೆರಳ ಗಂಟುಗಳು ಒಟ್ಟಿಗೆ ಊದಿ ಬಿಸಿಯಾಗಿದ್ದರೆ, ಅದು ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲಿನ ಮೇಲೆ ಬೀಳುವ ರುಮಟಾಯ್ಡ್ ಸಂಧಿವಾತ ಇರಬಹುದು. ಅದರ ದಾರಿಯೇ ಬೇರೆ. ಅಲ್ಲಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. 2005-06ರಿಂದ ದಕ್ಷಿಣದ ರಾಜ್ಯಗಳಲ್ಲಿ ಮತ್ತೆ ಮತ್ತೆ ಹಬ್ಬಿರುವ ಚಿಕುನ್‌ಗುನ್ಯಾ ಜ್ವರವೂ ಬಿಟ್ಟ ಮೇಲೆ ತಿಂಗಳುಗಟ್ಟಲೆ ಕೀಲು ಹಿಡಿಯುತ್ತದೆ. ಒಂದೇ ಕೀಲು ರಾತ್ರೋರಾತ್ರಿ ಕೆಂಪಾಗಿ ಜ್ವರ ಬಂದರೆ ಎಣ್ಣೆ ತಿಕ್ಕುತ್ತ ಕೂರಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ದೊಡ್ಡಮ್ಮನದು ಸವೆತವೇ. ಅವರ ತಲೆದಿಂಬಿನ ಬಳಿಯ ತಗಡಿನ ಡಬ್ಬಿಯಲ್ಲಿ ಈ ರೋಗದ ಇಡೀ ಔಷಧಶಾಸ್ತ್ರ ಇತ್ತು: ಕರ್ಪೂರ ಹಾಕಿ ಕಾಯಿಸಿದ ಎಣ್ಣೆ, ಹಳದಿ ಮುಲಾಮಿನ ಶೀಷೆ, ಊಟಿಯಿಂದ ಯಾರೋ ತಂದುಕೊಟ್ಟ ವಿಂಟರ್‌ಗ್ರೀನ್ ತೈಲ, ಮೆಡಿಕಲ್ ಶಾಪಿನ ಅರ್ಧ ಕತ್ತರಿಸಿದ ಮಾತ್ರೆ ಪಟ್ಟಿ, ಕಾಗದದಲ್ಲಿ ಕಟ್ಟಿದ ಒಂದು ಕಂದು ಪುಡಿ.

ಮೊದಲು ಮುಲಾಮು. 1893ರಿಂದ ಮಾರಾಟದಲ್ಲಿರುವ ಅಮೃತಾಂಜನದಂಥ ಶೀಷೆಗಳನ್ನು ವಿದ್ಯಾವಂತರು ನಕ್ಕು ಬದಿಗಿಡುತ್ತಾರೆ. ನಗುವಂಥದ್ದೇನಿಲ್ಲ. ಚರ್ಮದ ನರತುದಿಗಳಲ್ಲಿ ಬಿಸಿ, ತಣ್ಣು, ಉರಿಯನ್ನು ಗುರುತಿಸುವ ಪ್ರೋಟೀನುಗಳಿವೆ. ಮೆಂಥಾಲ್ ತಣ್ಣನೆಯ ಬಾಗಿಲು ತೆರೆಯುತ್ತದೆ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಉರಿಯ ಬಾಗಿಲು ತೆರೆಯುತ್ತದೆ. ಈ ಉರಿಯ ಬಾಗಿಲನ್ನು 1997ರಲ್ಲಿ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ, ಸ್ಪರ್ಶದ ಬಾಗಿಲುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರ ಜೊತೆ, 2021ರ ನೊಬೆಲ್ ಬಂತು. ಉಜ್ಜಿದ, ಒತ್ತಿದ ಸುದ್ದಿಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಡೆಯುತ್ತವೆ ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ವಾದಿಸಿದ್ದರು. ಉಪ್ಪಿನ ಗಂಟು ಕಾಯಿಸಿ ಒತ್ತಿ ಶಾಖ ಕೊಡುವ ಅಜ್ಜಿಯರ ಕೆಲಸಕ್ಕೆ ಅಷ್ಟರಮಟ್ಟಿಗೆ ಆಧಾರವಿದೆ. ಅಳತೆ ಮಾಡಿ ತಯಾರಿಸಿದ ಕ್ಯಾಪ್ಸೈಸಿನ್ ಮುಲಾಮನ್ನು ದಿನಕ್ಕೆ ಮೂರು ನಾಲ್ಕು ಸಲ ಕೆಲವು ವಾರ ಹಚ್ಚಿದರೆ ನರತುದಿಗಳೇ ದಣಿದು ಸುಮ್ಮನಾಗುತ್ತವೆ. ಎರಡು ದಿನ ಹಚ್ಚಿ ಉರಿ ಎಂದು ಬಿಟ್ಟರೆ ಉರಿಯಷ್ಟೇ ಲಾಭ. ಮನೆಯಲ್ಲಿ ಮೆಣಸಿನಕಾಯಿ ಅರೆದು ಹಚ್ಚುವ ಸಾಹಸ ಬೇಡ. ಬ್ಯಾಡಗಿಯಾದರೆ ಬಣ್ಣವಷ್ಟೇ ಮೆತ್ತೀತು, ಗುಂಟೂರಾದರೆ ಬೊಬ್ಬೆ ಏಳುತ್ತದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಡೈಕ್ಲೊಫೆನಾಕ್ ಜೆಲ್. ಮಂಡಿ ಚರ್ಮಕ್ಕೆ ಹತ್ತಿರದ ಕೀಲು, ಮದ್ದು ಒಳಗಿಳಿಯುತ್ತದೆ. ರಕ್ತಕ್ಕೆ ಸೇರುವುದು ಮಾತ್ರೆ ನುಂಗಿದಾಗಿನ ಪ್ರಮಾಣದ ನೂರಕ್ಕೆ ಸುಮಾರು ಆರರಷ್ಟು. ವಯಸ್ಸಾದವರ ಮಂಡಿಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಎನ್ನುವುದು ಇಂದಿನ ವೈದ್ಯಕೀಯ ಮಾರ್ಗಸೂಚಿಗಳ ಒಮ್ಮತ. ನಮ್ಮಲ್ಲಿ ಆಗುವುದು ತಿರುಗುಮುರುಗು. ಜೆಲ್ಲಿಗೆ ದುಡ್ಡು ಜಾಸ್ತಿ, ಮಾತ್ರೆ ಅಗ್ಗ.

ಮಾತ್ರೆಯ ವಿಷಯದಲ್ಲಿ ದೊಡ್ಡಮ್ಮನ ಲೆಕ್ಕ ಸರಳ. "ನುಂಗಿದ ದಿನ ನಡೀತೀನಿ, ನುಂಗದ ದಿನ ಕೂರ್ತೀನಿ. ಊಟ ಆದ ಮೇಲೇ ತಗೊಳೋದು, ಏನೂ ಆಗಲ್ಲ ಬಿಡು ಮಗಾ." ಈ ಕೊನೆಯ ಮಾತನ್ನು ನಂಬದವರೇ ಇಲ್ಲ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೇನ್ ಎಲ್ಲವೂ ಮಾಡುವುದು ಒಂದೇ ಕೆಲಸ: ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದ ತಯಾರಿಕೆಯನ್ನು ನಿಲ್ಲಿಸುತ್ತವೆ. ಇದನ್ನು ಆಸ್ಪಿರಿನ್ನಿನಲ್ಲಿ 1971ರಲ್ಲಿ ಕಂಡುಹಿಡಿದ ಜಾನ್ ವೇನ್ 1982ರಲ್ಲಿ ನೊಬೆಲ್ ಪಡೆದರು. ಕೀಲಿನಲ್ಲಿ ಪ್ರೊಸ್ಟಾಗ್ಲಾಂಡಿನ್ ನೋವು, ಊತ ತರುತ್ತದೆ. ಜಠರದಲ್ಲಿ ಅದೇ ಗೋಡೆಗೆ ಲೋಳೆಯ ಹೊದಿಕೆ ಕೊಡುತ್ತದೆ. ಮೂತ್ರಪಿಂಡದಲ್ಲಿ ಅದೇ ರಕ್ತದ ಹರಿವನ್ನು ಕಾಯುತ್ತದೆ. ಮಾತ್ರೆಗೆ ಇದು ಮಂಡಿ, ಇದು ಹೊಟ್ಟೆ ಎಂಬ ಭೇದ ತಿಳಿಯದು. ರಕ್ತದ ಮೂಲಕ ಎಲ್ಲ ಕಡೆಯೂ ಅದನ್ನು ನಿಲ್ಲಿಸುತ್ತದೆ. ಊಟದ ನಂತರ ನುಂಗಿದರೆ ಹೊಟ್ಟೆ ಉರಿ ಕಡಿಮೆಯಾದೀತು, ಹುಣ್ಣಿನ ಅಪಾಯ ಹಾಗೇ ಇರುತ್ತದೆ. ಸೂಜಿ ಚುಚ್ಚಿಸಿಕೊಂಡರೂ ಅಷ್ಟೇ. ಹೊಟ್ಟೆಯನ್ನು ಕಾಯಲು ವೈದ್ಯರು ಆಮ್ಲ ಇಳಿಸುವ ಮಾತ್ರೆಯನ್ನು ಜೊತೆಗೆ ಬರೆಯುತ್ತಾರೆ, ಅಂಗಡಿಯವರು ಕತ್ತರಿಸಿ ಕೊಡುವಾಗ ಅದು ಉದುರಿಹೋಗುತ್ತದೆ. ಮೂತ್ರಪಿಂಡವನ್ನು ಕಾಯಲು ಅಂಥ ಜೊತೆಮಾತ್ರೆಯೂ ಇಲ್ಲ. ಬಿಪಿಗೆ ಹೆಸರಿನ ಕೊನೆಯಲ್ಲಿ 'ಪ್ರಿಲ್' ಅಥವಾ 'ಸಾರ್ಟಾನ್' ಇರುವ ಮಾತ್ರೆ, ಮೇಲೆ ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆ. ಈ ಮೂರೂ ಕೂಡಿ, ಬೇಸಗೆಯಲ್ಲಿ ನೀರು ಕುಡಿಯದ ಮುದುಕರ ಮೂತ್ರಪಿಂಡಗಳನ್ನು ಸದ್ದಿಲ್ಲದೆ ಕೆಡಿಸುತ್ತವೆ. ಹೊಟ್ಟೆಗೆ ಹಾನಿಯಿಲ್ಲ ಎಂದು ಬಂದ ರೊಫೆಕಾಕ್ಸಿಬ್ ಹೃದಯಾಘಾತ ಹೆಚ್ಚಿಸುತ್ತದೆ ಎಂದು ಗೊತ್ತಾಗಿ 2004ರಲ್ಲಿ ಮಾರುಕಟ್ಟೆಯಿಂದಲೇ ಹೋಯಿತು.

ಇದೇ ಡೈಕ್ಲೊಫೆನಾಕ್ ಮೂತ್ರಪಿಂಡಕ್ಕೆ ಏನು ಮಾಡಬಲ್ಲದು ಎನ್ನುವುದು ನಮ್ಮ ದೇಶದ ಆಕಾಶದಲ್ಲೇ ಬರೆದಿದೆ. ಕುಂಟುವ ದನಗಳಿಗೆ ಅದನ್ನು ಚುಚ್ಚುತ್ತಿದ್ದರು. ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಲವೇ ದಿನಗಳಲ್ಲಿ ನಿಂತು, ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಬಿಳಿ ಹಿಟ್ಟಿನಂತೆ ಕೂರುತ್ತಿತ್ತು. 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಅಧ್ಯಯನ ಇದನ್ನು ಬಯಲಿಗೆ ತರುವ ಹೊತ್ತಿಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳು ಹೆಚ್ಚುಕಡಿಮೆ ಮುಗಿದಿದ್ದವು. 2006ರಲ್ಲಿ ದನಗಳಿಗೆ ಕೊಡುವುದನ್ನು ನಿಷೇಧಿಸಿದರು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ದನದ ಕೊಟ್ಟಿಗೆಗೆ ಹೋಗುವುದು ನಿಲ್ಲಲಿಲ್ಲವಾಗಿ 2015ರಲ್ಲಿ ಸೀಸೆಯ ಅಳತೆಯನ್ನೇ 3 ಮಿಲಿಲೀಟರಿಗೆ ಇಳಿಸಿದರು. ಮನುಷ್ಯ ಹದ್ದಲ್ಲ, ಅವನಿಗೆ ಅಷ್ಟು ಬೇಗ ಹಾಗಾಗುವುದಿಲ್ಲ ನಿಜ. ಆದರೂ ದೇವರ ದನಗಳ ಹಿಂಡನ್ನು ಸಾಕಿದವರ ಮನೆಯಲ್ಲಿ ಈ ಕಥೆಗೆ ಸಿಕ್ಕ ಮರ್ಯಾದೆ ನನ್ನ ಯಾವ ಔಷಧಶಾಸ್ತ್ರಕ್ಕೂ ಸಿಗಲಿಲ್ಲ. ಮಾತ್ರೆ ದಿನದ ಲೆಕ್ಕದಿಂದ ಅಗತ್ಯದ ಲೆಕ್ಕಕ್ಕೆ ಇಳಿದದ್ದು, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದ್ದು ಆಮೇಲೆ.

ಪ್ಯಾರಾಸಿಟಮಾಲ್ ಹೊಟ್ಟೆಗೆ ಸೌಮ್ಯ, ಆದರೆ ಮಂಡಿಗೂ ಸೌಮ್ಯವೇ. ಅದರಿಂದ ದೊಡ್ಡ ನಿರೀಕ್ಷೆ ಬೇಡ. ಟ್ರಮಡಾಲ್ ತಲೆಸುತ್ತು, ಮಲಬದ್ಧತೆ ತರುತ್ತದೆ, ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳಿಸುತ್ತದೆ.

ಡಬ್ಬಿಯ ಕಂದು ಪುಡಿಯೇ ನನ್ನನ್ನು ಹೆಚ್ಚು ಹೆದರಿಸಿದ್ದು. ಬೇರುನಾರು ಎಂದು ಮಾರುವ ಇಂಥ ಪುಡಿಗಳಲ್ಲಿ ಡೆಕ್ಸಾಮೆಥಸೋನಿನಂಥ ಸ್ಟೀರಾಯ್ಡ್ ಬೆರೆಸಿರುವುದು ದೇಶದ ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ತಿಂದ ಮೂರನೇ ದಿನಕ್ಕೆ ನೋವು ಮಾಯ, ಹಸಿವು ಜೋರು, ಮುಖ ತುಂಬಿಕೊಂಡು 'ಕಳೆ ಬಂತು' ಎಂದು ಊರವರೆನ್ನುತ್ತಾರೆ. ಆಮೇಲೆ ಸಕ್ಕರೆ ಏರುತ್ತದೆ, ಚರ್ಮ ಮುಟ್ಟಿದರೆ ಕಂದುತ್ತದೆ, ಮೂಳೆ ಟೊಳ್ಳಾಗುತ್ತದೆ. ತಿಂಗಳುಗಟ್ಟಲೆ ತಿಂದವರು ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ದೇಹ ತನ್ನ ಸ್ಟೀರಾಯ್ಡ್ ತಯಾರಿಸುವುದನ್ನೇ ಮರೆತಿರುತ್ತದೆ. ಹಠಾತ್ತನೆ ಬಿಟ್ಟರೆ ರಕ್ತದೊತ್ತಡ ಕುಸಿದು ಸಾವೂ ಬರಬಹುದು. ಪುಡಿಯನ್ನು ಬಚ್ಚಿಡದೆ ವೈದ್ಯರ ಮುಂದಿಟ್ಟು, ಅವರು ಹೇಳಿದಂತೆ ಮೆಲ್ಲಗೆ ಇಳಿಸುವುದೇ ದಾರಿ. ವೈದ್ಯರೇ ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಬೇರೆ ಸಂಗತಿ. ಊದಿದ ಮಂಡಿಗೆ ಕೆಲವು ವಾರ ನಿಜವಾದ ಬಿಡುವು ಕೊಡುತ್ತದೆ. ಮಗಳ ಮದುವೆಗೆ ನಿಲ್ಲಬೇಕು ಎನ್ನುವವರಿಗೆ ಸರಿ. ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟು ನೋಡಿದ ಅಮೆರಿಕದ ಅಧ್ಯಯನದಲ್ಲಿ, 2017ರ ವರದಿಯ ಪ್ರಕಾರ, ನೋವಿನಲ್ಲಿ ಬರೀ ಉಪ್ಪುನೀರು ಕೊಟ್ಟವರಿಗಿಂತ ಲಾಭ ಕಾಣಲಿಲ್ಲ, ಮೃದ್ವಸ್ಥಿ ಮಾತ್ರ ಹೆಚ್ಚು ಕರಗಿತ್ತು.

ನೋವನ್ನೇ ಬೇರುಸಹಿತ ಕಿತ್ತರೆ? ಆ ಪ್ರಯತ್ನವೂ ಆಗಿದೆ. ನೋವಿನ ನರಗಳನ್ನು ಬೆಳೆಸಿ ಕೆರಳಿಸುವ ಒಂದು ಪ್ರೋಟೀನನ್ನು ಹಿಡಿದುಹಾಕುವ ಟನೆಜುಮಾಬ್ ಎಂಬ ಮದ್ದು 2010ರಲ್ಲಿ ಸುದ್ದಿ ಮಾಡಿತು. ಮಂಡಿನೋವು ಅದ್ಭುತವಾಗಿ ಇಳಿಯಿತು. ಆದರೆ ಕೆಲವರ ಕೀಲುಗಳು ನೋಡನೋಡುತ್ತ ಕುಸಿಯತೊಡಗಿದವು. 2021ರಲ್ಲಿ ಅಮೆರಿಕದ ತಜ್ಞರ ಸಮಿತಿ 19-1 ಮತಗಳಿಂದ ಬೇಡವೆಂದಿತು, ಕಂಪನಿ ಕೈಬಿಟ್ಟಿತು. ಕೆಟ್ಟ ಕೀಲನ್ನು ಜೋಪಾನವಾಗಿ ಊರುವಂತೆ ಮಾಡುವುದೂ ಆ ನೋವೇ.

ಉಳಿದದ್ದು ಭಾರ. ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಯೊಳಗೆ ಅಳತೆಯ ಉಪಕರಣ ಕೂರಿಸಿ, ರೋಗಿಗಳನ್ನು ನಡೆಸಿ ನೋಡಿದರು. ಸಮತಟ್ಟು ನೆಲದಲ್ಲಿ ಹೆಜ್ಜೆ ಹಾಕುವಾಗ ಮಂಡಿಯ ಮೇಲೆ ದೇಹತೂಕದ ಎರಡೂವರೆ ಪಟ್ಟಿಗೂ ಹೆಚ್ಚು, ಮೆಟ್ಟಿಲಿಳಿಯುವಾಗ ಸುಮಾರು ಮೂರೂವರೆ ಪಟ್ಟು ಬಲ ಬೀಳುತ್ತದೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಸುಮಾರು ನಾಲ್ಕು ಕಿಲೋ ಹೊರೆ ಇಳಿಯುತ್ತದೆ ಎಂದು 2005ರ ಇನ್ನೊಂದು ಅಧ್ಯಯನ ಹೇಳಿತು. ಆ ಹೊರೆಯ ಹೊಡೆತವನ್ನು ತಾಳಿಕೊಳ್ಳಲು ನೆರವಾಗುವುದು ತೊಡೆಯ ಮುಂಭಾಗದ ಸ್ನಾಯು. ದೊಡ್ಡಮ್ಮನಿಗೆ ಕರಗಿದ್ದು ಅದೇ. ತಮಿಳುನಾಡು ಸರ್ಕಾರ 2021ರಲ್ಲಿ ಶುರುಮಾಡಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಡಿ ಬಿಪಿ, ಸಕ್ಕರೆ ಮಾತ್ರೆಗಳ ಜೊತೆಗೆ ಫಿಸಿಯೋಥೆರಪಿಯೂ ಮನೆಬಾಗಿಲಿಗೆ ಬರುತ್ತದೆ. ಬಂದ ಹುಡುಗಿ ಕಲಿಸಿದ್ದು ಇಷ್ಟೇ: ಕಾಲು ಚಾಚಿ ಕೂತು, ಮಂಡಿಯಡಿ ಟವೆಲ್ ಸುತ್ತಿಟ್ಟು, ಅದನ್ನು ನೆಲಕ್ಕೆ ಒತ್ತಿ ಐದು ಎಣಿಸಿ ಬಿಡುವುದು, ಎತ್ತರದ ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವುದು. ಮೊದಲ ಎರಡು ವಾರ ಬೈಗುಳ. ಇಂಥ ವ್ಯಾಯಾಮದಿಂದ ಸರಾಸರಿಯಲ್ಲಿ ಸಿಗುವ ಉಪಶಮನ ನೋವಿನ ಮಾತ್ರೆಯದಕ್ಕೆ ಹೆಚ್ಚುಕಡಿಮೆ ಸಮ, ಮೂತ್ರಪಿಂಡದ ತಂಟೆಯಿಲ್ಲ. ಮಾಡುವಾಗ ಸ್ವಲ್ಪ ನೋವಾದರೆ ಸವೆಯುತ್ತಿದೆ ಎಂದರ್ಥವಲ್ಲ. ಮಾರನೆಯ ದಿನಕ್ಕೂ ನೋವು ಉಳಿದರೆ ಪ್ರಮಾಣ ತಗ್ಗಿಸಬೇಕು.

ಊರುಗೋಲನ್ನು ಮಾತ್ರ ದೊಡ್ಡಮ್ಮ ಹೆಚ್ಚು ನೋಯುವ ಕಡೆಯ ಕೈಯಲ್ಲೇ ಹಿಡಿದಿದ್ದರು. ಸಿನಿಮಾದಲ್ಲೂ ಹಾಗೇ ತೋರಿಸುತ್ತಾರೆ, ಅದು ತಪ್ಪು. ಬಲ ಮಂಡಿ ಹೆಚ್ಚು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು, ಬಲಗಾಲಿನ ಜೊತೆಗೇ ಮುಂದೆ ಹೋಗಬೇಕು. ಆಗಲೇ ದೇಹದ ಭಾರ ಆ ಕಾಲಿನಿಂದ ಆಚೆಗೆ ವಾಲುತ್ತದೆ. ಕೈ ಬದಲಿಸಿಕೊಂಡು ಅಂಗಳದಲ್ಲಿ ಎರಡು ಸುತ್ತು ಹಾಕಿ, "ಇಷ್ಟು ದಿನ ಯಾವನೂ ಹೇಳಲಿಲ್ಲವಲ್ಲ" ಎಂದರು.

ಇದೆಲ್ಲ ಆದ ಮೇಲೂ ರಾತ್ರಿ ನೋವು ನಿದ್ದೆ ಕೆಡಿಸುತ್ತಿದ್ದರೆ, ಮನೆಯೊಳಗೇ ನಡೆಯಲಾಗದಿದ್ದರೆ, ಮಂಡಿ ಬದಲಾವಣೆಯನ್ನು ಮುಂದೂಡುವುದರಲ್ಲಿ ಅರ್ಥವಿಲ್ಲ. 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಮತ್ತವರ ಜೊತೆಗಾರರು ರೂಪಿಸಿದ ವಿನ್ಯಾಸದ ವಂಶಜರೇ ಇಂದಿನ ಕೃತಕ ಮಂಡಿಗಳು. ಹತ್ತರಲ್ಲಿ ಎಂಟು 25 ವರ್ಷ ಬಾಳುತ್ತವೆ. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಗರಿಷ್ಠ ಬೆಲೆಯನ್ನು ತೆರಿಗೆ ಬಿಟ್ಟು 54,720 ರೂಪಾಯಿಗೆ ಕಟ್ಟಿಹಾಕಿತು. ಅದಕ್ಕೆ ಮುಂಚೆ ಒಂದೂವರೆ ಲಕ್ಷ ದಾಟುತ್ತಿತ್ತು. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಶಸ್ತ್ರಕ್ರಿಯೆಯ ನಂತರವೂ ನೋವು ಉಳಿಯುತ್ತದೆ. ಮಂಡಿಯನ್ನು ಬದಲಿಸಬಹುದು, ವರ್ಷಗಟ್ಟಲೆ ಸೂಕ್ಷ್ಮವಾಗಿ ಕೂತ ಬೆನ್ನುಹುರಿಯನ್ನು ಬದಲಿಸಲಾಗದು. ಅದನ್ನು ಶಾಂತಗೊಳಿಸಲು ಡುಲಾಕ್ಸೆಟಿನ್‌ನಂಥ ಮಾತ್ರೆಗಳು ಕೆಲವರಿಗೆ ನೆರವಾಗುತ್ತವೆ.

ತೇನಿಯಲ್ಲಿ ಮೂಳೆವೈದ್ಯರು ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ, ಕೆಳಗೆ ಕೂರಬಹುದಾ ಎಂದು. ಕುಕ್ಕರುಗಾಲು ಹಾಕುವಂತಿಲ್ಲ, ಚಕ್ಕಂಬಕ್ಕಳವೂ ಕಷ್ಟ ಎಂದರು. ದ್ರಾಕ್ಷಿ ಆರಿಸಲು ಮೇಜು ಹಾಕಿಸಬಹುದು, ಅಡುಗೆಗೆ ಕಟ್ಟೆಯಿದೆ. ಹಿತ್ತಿಲಿನ ಕೂರುವ ಕಕ್ಕಸಿಗೆ ಏನು ಮಾಡುವುದು? ಮಗ ಮೊದಲು ಗಾರೆಯವನನ್ನು ಕರೆಸಿ ಕಮೋಡ್ ಹಾಕಿಸಿದ, ಗೋಡೆಗೆ ಕಬ್ಬಿಣದ ಹಿಡಿಕೆ ಜಡಿಸಿದ. ಆಪರೇಷನ್ನಿಗೆ ಇನ್ನೂ ದಿನ ಗೊತ್ತಾಗಿಲ್ಲ. ದಿನಕ್ಕೆ ಹಲವು ಸಲ ಕುಕ್ಕರಿಸಿ ಏಳುವುದು ತಪ್ಪಿದ್ದಕ್ಕೇ ಮಾತ್ರೆಯ ಪಟ್ಟಿ ನಿಧಾನವಾಗಿ ಖಾಲಿಯಾಗುತ್ತಿದೆ.